ಕಿವಿ ಮಂದವಾದ ಮೇಲೆ ಆಫೀಸಿನಲ್ಲಿ ನಾನು ಕೇಳಿ ಪಡೆದದ್ದು

ನನ್ನ ಕೆಲಸ ನಂಬರುಗಳ ಜೊತೆ. ಮುಂಬಯಿಯ ಅಂಧೇರಿಯಲ್ಲಿ ಒಂದು ಕ್ಲಿಯರಿಂಗ್ ಏಜೆಂಟ್ ಆಫೀಸು, ಅಂದರೆ ಬೇರೆಯವರ ಸರಕನ್ನು ಕಸ್ಟಮ್ಸಿನಿಂದ ಬಿಡಿಸಿಕೊಡುವ ಕೆಲಸ. ನ್ಹಾವಾ ಶೇವಾ ಬಂದರಿನಲ್ಲಿ ಇಳಿಯುವ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುವ ವಿಭಾಗದಲ್ಲಿ ನಾನಿದ್ದೇನೆ. ಪ್ರತಿ ಕಂಟೇನರಿಗೂ 4 ಅಕ್ಷರ, 7 ಅಂಕಿಯ ಒಂದು ನಂಬರ್ ಇರುತ್ತದೆ. ಕೊನೆಯ ಅಂಕಿಯನ್ನು ಅದರ ಹಿಂದಿನ 4 ಅಕ್ಷರ, 6 ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಹಾಗಾಗಿ ಬರೆದುಕೊಳ್ಳುವಾಗ ಒಂದಂಕಿ ಆಚೀಚೆಯಾದರೆ ಕಂಪ್ಯೂಟರೇ ಹಿಡಿಯುತ್ತದೆ. ಆದರೆ ತೂಕಕ್ಕೆ, ಪೆಟ್ಟಿಗೆಗಳ ಎಣಿಕೆಗೆ, ಇನ್ವಾಯ್ಸ್ ಮೊತ್ತಕ್ಕೆ ಅಂಥ ಕಾವಲಿಲ್ಲ. ಫೋನಿನಲ್ಲಿ ‘ಫಿಫ್ಟೀನ್’ ಅಂದರಾ ‘ಫಿಫ್ಟಿ’ ಅಂದರಾ, ‘ಸಾತ್’ ಅಂದರಾ ‘ಸಾಠ್’ ಅಂದರಾ, ಎಲ್ಲ ಕಿವಿಯ ಮೇಲೇ ನಿಂತಿರುತ್ತದೆ.

ಆ ಕಿವಿ ಮಂದವಾದಾಗ ನಾನೇನು ಮಾಡಿದೆ, ಆಫೀಸಿನವರು ಏನು ಮಾಡಿದರು, ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅನ್ನೋದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಜನ ಈ ಊರಿನ ಬ್ಯಾಂಕು, ಹೋಟೆಲು, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಕಿವಿ ಕೇಳುತ್ತಿಲ್ಲ ಅನ್ನೋದನ್ನು ಮುಚ್ಚಿಟ್ಟುಕೊಂಡೇ ದಿನ ತಳ್ಳುವವರು ಅವರಲ್ಲಿ ಇದ್ದೇ ಇರುತ್ತಾರೆ. ಅವರ ಕೈಗೆ ಇದು ಸಿಗಲಿ ಅಂತ ಆಸೆ.

ನನಗೆ ಕಿವಿ ಒಮ್ಮೆಲೇ ಹೋಗಲಿಲ್ಲ. ಒಳಕಿವಿಯ ನರದ ತೊಂದರೆ, ನಿಧಾನವಾಗಿ ಇಳಿಯುತ್ತಾ ಬಂತು. ಮೊದಲು ಹೋಗಿದ್ದು ಸಣ್ಣ, ಚೂಪು ದನಿಗಳು. ಸ, ಶ, ತ, ಫ ಇವೆಲ್ಲ ಮಾಯ. ಆ, ಊ, ಓ ಇಂಥ ಸ್ವರಗಳು ಚೆನ್ನಾಗೇ ಕೇಳುತ್ತಿದ್ದವು. ಅಂದರೆ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಕೇಳುವವರಿಗೆ ಇದನ್ನು ಅರ್ಥ ಮಾಡಿಸೋದು ಬಹಳ ಕಷ್ಟ. ‘ಜೋರಾಗಿ ಹೇಳಿದೆನಲ್ಲ, ಇನ್ನೂ ಕೇಳಲಿಲ್ವಾ?’ ಅನ್ನುತ್ತಾರೆ. ಜೋರಾಗಿ ಹೇಳಿದರೆ ಸ್ವರವೇ ದೊಡ್ಡದಾಗುತ್ತದೆ. ಕಳೆದುಹೋದ ವ್ಯಂಜನ ವಾಪಸ್ ಬರುವುದಿಲ್ಲ.

ಇನ್ನೊಂದು ವಿಷಯ ನನ್ನನ್ನು ತುಂಬಾ ನೋಯಿಸಿದ್ದು. ನಮ್ಮ ಆಫೀಸಿನಲ್ಲಿ ಕುಂದಾಪುರದ ಒಬ್ಬ ಹುಡುಗ ಇದ್ದಾನೆ. ಅವನ ಜೊತೆ ಕನ್ನಡದಲ್ಲಿ ಮಾತಾಡುವಾಗ ನನಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಭಾಷೆ. ಅರ್ಧ ಮಾತು ಸಿಕ್ಕರೂ ಉಳಿದರ್ಧವನ್ನು ತಲೆ ತಾನೇ ತುಂಬಿಕೊಳ್ಳುತ್ತದೆ. ಮರಾಠಿಯಲ್ಲಿ ಅಷ್ಟು ಆಗುವುದಿಲ್ಲ. ಫೋನಿನಲ್ಲಿ ಹೊರದೇಶದವರ ಇಂಗ್ಲಿಷ್ ಬಂದರಂತೂ ಏನೂ ಇಲ್ಲ. ಇದನ್ನು ನೋಡಿ ಕೆಲವರು ‘ಅವರ ಊರಿನವರು ಮಾತಾಡಿದರೆ ಕೇಳುತ್ತೆ, ನಾವು ಮಾತಾಡಿದರೆ ಕೇಳಲ್ಲ’ ಅಂದುಕೊಂಡರು. ಬೇಕಂತಲೇ ಮಾಡುತ್ತಾಳೆ ಅನ್ನೋ ಮಾತು ಸುತ್ತಾಡಿ ನನ್ನ ಹತ್ತಿರವೇ ಬಂತು.

ಕೊನೆಗೆ ಬಾಯಿಬಿಟ್ಟು ಕೇಳಿದವನು ಅದೇ ಹುಡುಗ. ‘ಅಕ್ಕಾ, ಮೀಟಿಂಗಿನಲ್ಲಿ ನೀವು ಮಾತೇ ಆಡಲ್ಲ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಎಲ್ಲ ಕೇಳುತ್ತೀರಿ. ಏನಾಗಿದೆ?’ ನಾನು ಹೇಳಿಬಿಟ್ಟೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಕನಿಕರವನ್ನೂ ತೋರಿಸಲಿಲ್ಲ. ‘ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಇದೆ, ಅಲ್ಲಿಗೆ ಹೋಗಿ’ ಅಂದ.

ಬಾಂದ್ರಾ ರಿಕ್ಲಮೇಶನ್ನಿನ ಆ ಸಂಸ್ಥೆ 1983ರಲ್ಲಿ ಶುರುವಾದದ್ದು. ಮಾತು ಮತ್ತು ಶ್ರವಣದ ತೊಂದರೆಗಳಿಗೆ ಮೀಸಲಾದ ಕೇಂದ್ರ ಸರಕಾರದ ಸಂಸ್ಥೆ. ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ಅಲಿ ಯಾವರ್ ಜಂಗ್ ಅವರ ಹೆಸರಿಟ್ಟಿದ್ದಾರೆ. ಅಲ್ಲಿ ದನಿ ಹೊರಗೆ ಹೋಗದ, ಒಳಗೆ ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗ ಬಟನ್ ಒತ್ತಿ ಅಂತಾರೆ. ಅದರಿಂದ ಬರುವ ನಕ್ಷೆಯೇ ಆಡಿಯೋಗ್ರಾಂ. ಎರಡು ಗೆರೆ, ಎಡಕಿವಿಗೊಂದು, ಬಲಕಿವಿಗೊಂದು. ನನ್ನ ಗೆರೆಗಳು ಎಡಬದಿಯಲ್ಲಿ ಪರವಾಗಿಲ್ಲ ಅನ್ನುವಂತೆ ಶುರುವಾಗಿ ಬಲಕ್ಕೆ ಹೋಗುತ್ತಾ ಧಡಕ್ಕನೆ ಇಳಿದಿದ್ದವು. ಬಲಬದಿ ಅಂದರೆ ಚೂಪು ದನಿಗಳ ಜಾಗ. ‘ಜೋರಾಗಿ ಕೇಳುತ್ತೆ, ಅರ್ಥ ಆಗಲ್ಲ’ ಅಂತ ನಾನು ಇಷ್ಟು ದಿನ ಹೇಳುತ್ತಿದ್ದದ್ದು ಅಲ್ಲಿ ಗೆರೆಯಾಗಿ ಕಂಡಿತು. ಒಂದು ಕಾಗದ ನನ್ನ ಪರವಾಗಿ ನಿಂತಿತು ಅನ್ನಿಸಿ ಬಹಳ ಸಮಾಧಾನವಾಯಿತು.

ಬೀಪ್ ಕೇಳಿಸುವುದು ಒಂದು ಪರೀಕ್ಷೆ. ಪದ ಹೇಳಿ, ತಿರುಗಿ ಹೇಳಿಸುವುದು ಇನ್ನೊಂದು. ಈ ಎರಡನೆಯದನ್ನು ಆದಷ್ಟು ಅವರವರ ಭಾಷೆಯಲ್ಲೇ ಮಾಡಬೇಕು. ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಅಂದರೆ ಎಲ್ಲರೂ ಆಯಿಷ್ ಅನ್ನುವ ಜಾಗದಲ್ಲಿ, ಕನ್ನಡದ ಪದಪಟ್ಟಿಯಲ್ಲೇ ಮಾಡಿಸಿಕೊಂಡೆ. ಕನ್ನಡದಲ್ಲಿ ನನ್ನ ಅಂಕ ಜಾಸ್ತಿ ಬಂತು. ಹಿಂದಿಯಲ್ಲಿ ಕಡಿಮೆ ಇತ್ತು. ಎರಡೂ ರಿಪೋರ್ಟುಗಳನ್ನು ಜೊತೆಗಿಟ್ಟು ನಂತರ ನಮ್ಮ ಮ್ಯಾನೇಜರಿಗೆ ತೋರಿಸಿದೆ. ‘ಊರಿನವರ ಮಾತು ಮಾತ್ರ ಕೇಳುತ್ತೆ’ ಅನ್ನೋ ಗೊಣಗಾಟ ಅವತ್ತಿಗೆ ನಿಂತಿತು. ಮುಂಬಯಿ, ಪುಣೆಯಲ್ಲಿರುವ ಕನ್ನಡದವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಸಾಧ್ಯವಾದರೆ ಒಂದು ಸಲ ಕನ್ನಡದಲ್ಲೂ ಪರೀಕ್ಷೆ ಮಾಡಿಸಿಕೊಳ್ಳಿ.

ಶ್ರವಣ ಯಂತ್ರ ಬಂತು. ಕಿವಿಯ ಹಿಂದೆ ಕೂರುವಂಥದ್ದು. ಕಿತ್ತಳೆ ಬಣ್ಣದ ಸ್ಟಿಕ್ಕರ್ ಅಂಟಿಸಿದ 13 ನಂಬರಿನ ಬ್ಯಾಟರಿ. ಸ್ಟಿಕ್ಕರ್ ಕಿತ್ತ ಮೇಲೆ ಗಾಳಿ ಒಳಗೆ ಹೋಗಲು ಒಂದೆರಡು ನಿಮಿಷ ಬಿಟ್ಟು ಹಾಕಬೇಕು, ಆಗ ಚೆನ್ನಾಗಿ ಬಾಳುತ್ತದೆ. ಮುಂಬಯಿ ಮಳೆಗಾಲದಲ್ಲಿ ಇದರ ಗೋಳು ಬೇರೆಯೇ. ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ಘಾಟ್ಕೋಪರಿಗೆ, ಅಲ್ಲಿಂದ ಮೆಟ್ರೋದಲ್ಲಿ ಅಂಧೇರಿಗೆ ಬರುವಷ್ಟರಲ್ಲಿ ಬೆವರು, ತೇವ ಎಲ್ಲ ಸೇರಿ ಯಂತ್ರ ಗುರುಗುರು ಅನ್ನೋದಕ್ಕೆ ಶುರುಮಾಡುತ್ತದೆ. ರಾತ್ರಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಬೇಕು. ನಾನು ಆಫೀಸಿನ ಡ್ರಾಯರಿನಲ್ಲೂ ಅಂಥದ್ದೊಂದು ಡಬ್ಬಿ ಇಟ್ಟಿದ್ದೇನೆ. ಬಂದ ಕೂಡಲೇ ಯಂತ್ರ ಅದರಲ್ಲಿಟ್ಟು, ಚಹಾ ಕುಡಿದು, ಆಮೇಲೆ ಹಾಕಿಕೊಳ್ಳುತ್ತೇನೆ. ಆ ಹೊತ್ತಿನಲ್ಲಿ ಯಾರೂ ನನ್ನನ್ನು ಕರೆಯಬಾರದು ಅಂತ ಎಲ್ಲರಿಗೂ ಗೊತ್ತು.

ಯಂತ್ರ ಬಂತಲ್ಲ, ಇನ್ನೇನು ಅಂತ ಆಫೀಸಿನಲ್ಲಿ ಎಲ್ಲರೂ ಅಂದುಕೊಂಡರು. ಮನೆಯಲ್ಲೂ ಅಷ್ಟೇ. ಕನ್ನಡಕ ಹಾಕಿದರೆ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ, ಶ್ರವಣ ಯಂತ್ರದ ವಿಷಯ ಹಾಗಲ್ಲ. ಎದುರು ಕೂತು ಒಬ್ಬರು ಮಾತಾಡಿದರೆ ಚೆನ್ನಾಗಿ ಕೇಳುತ್ತದೆ. ದೂರ ಹೋದಷ್ಟೂ ಕಷ್ಟ. ಬಯಲಿನಲ್ಲಾದರೆ ದೂರ ಎರಡರಷ್ಟಾದಾಗ ದನಿ 6 ಡೆಸಿಬಲ್ (ದನಿಯ ಜೋರನ್ನು ಅಳೆಯುವ ಮಾನ) ಇಳಿಯುತ್ತದೆ. ಗೋಡೆಗಳ ನಡುವೆ ಅದರ ಜೊತೆಗೆ ಪ್ರತಿಧ್ವನಿಯೂ ಸೇರುತ್ತದೆ. ನಮ್ಮ ಮೀಟಿಂಗ್ ರೂಮಿನಲ್ಲಿ ಮೂರು ಕಡೆ ಗಾಜು. ತಲೆಯ ಮೇಲೆ ಎಸಿ. ಉದ್ದ ಮೇಜಿನ ಆ ತುದಿಯಲ್ಲಿ ಸಾಹೇಬರು. ಮಧ್ಯೆ ಯಾರೋ ಫೈಲ್ ತಿರುವಿದರೆ ಆ ಸದ್ದು ಅವರ ಮಾತಿಗಿಂತ ದೊಡ್ಡದಾಗಿ ನನ್ನ ಕಿವಿಗೆ ಬರುತ್ತದೆ.

ತುಟಿ ನೋಡಿ ತಿಳಿದುಕೊಳ್ಳಬಹುದಲ್ಲ ಅಂತ ಕೇಳುವವರಿದ್ದಾರೆ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ಪರ, ಬರ, ಮರ ಅಂತ ಹೇಳಿ ನೋಡಿ. ಮೂರೂ ಒಂದೇ ತರ ಕಾಣುತ್ತವೆ. ಕ, ಗ ಎಲ್ಲ ಗಂಟಲಿನ ಹತ್ತಿರ ಹುಟ್ಟುತ್ತವೆ, ತುಟಿಯ ಮೇಲೆ ಏನೂ ಕಾಣುವುದಿಲ್ಲ. ತುಟಿ ಸಹಾಯ ಮಾಡುತ್ತದೆ, ನಿಜ. ಅದೊಂದನ್ನೇ ನಂಬಿ ಇನ್ವಾಯ್ಸ್ ಮೊತ್ತ ಬರೆದುಕೊಳ್ಳಲು ಆಗುವುದಿಲ್ಲ. ಜೊತೆಗೆ ದಣಿವು. ಇಡೀ ದಿನ ತುಟಿ ನೋಡುತ್ತಾ, ಅರ್ಧ ಪದ ಜೋಡಿಸುತ್ತಾ ಕೂತರೆ ಸಂಜೆ ನಾಲ್ಕರ ಹೊತ್ತಿಗೆ ತಲೆ ಕಲ್ಲಾಗಿರುತ್ತದೆ. ಕೆಲಸ ಮಾಡಿ ಬಂದ ದಣಿವಲ್ಲ ಅದು, ಬರೀ ಕೇಳಿಸಿಕೊಂಡು ಬಂದ ದಣಿವು.

ಹಾಗಾಗಿ ಎಚ್‌ಆರ್ ಹತ್ತಿರ ಹೋದೆ. ಹೋಗುವ ಮೊದಲು ಒಂದು ಕೆಲಸ ಮಾಡಿದೆ, ಅದು ನನಗೆ ಬಹಳ ಉಪಯೋಗಕ್ಕೆ ಬಂತು. ‘ನನಗೆ ಕಿವಿ ಕೇಳುವುದಿಲ್ಲ, ಸಹಾಯ ಮಾಡಿ’ ಅಂತ ಬರೆಯಲಿಲ್ಲ. ಕೆಲಸದ ಯಾವ ಯಾವ ಜಾಗದಲ್ಲಿ ಅಡ್ಡಿಯಾಗುತ್ತಿದೆ, ಅಲ್ಲಿ ಏನಿದ್ದರೆ ಸರಿಹೋಗುತ್ತದೆ ಅಂತ ಬರೆದೆ. ಬೆಳಗಿನ ಮೀಟಿಂಗಿನಲ್ಲಿ ಅಂಕಿಗಳು ಕೇಳುವುದಿಲ್ಲ, ಅವನ್ನು ಮಾತ್ರ ಬರೆದು ತೋರಿಸಿದರೆ ಸಾಕು. ಟರ್ಮಿನಲ್ಲಿನಿಂದ ಬರುವ ಫೋನ್ ಕಷ್ಟ, ಅದನ್ನು ಬೇರೆಯವರು ತೆಗೆದುಕೊಂಡರೆ ಅವರ ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಬಗ್ಗೆ ಕಸ್ಟಮ್ಸಿಗೆ ಕೊಡುವ ಕಾಗದ) ಡ್ರಾಫ್ಟುಗಳನ್ನು ನಾನು ಪರಿಶೀಲಿಸುತ್ತೇನೆ. ನನ್ನ ಕುರ್ಚಿ ಬಾಗಿಲಿಗೆ ಬೆನ್ನು ಹಾಕಿದೆ, ಯಾರು ಕರೆದರೂ ತಿಳಿಯುವುದಿಲ್ಲ, ಅದನ್ನು ತಿರುಗಿಸಿ ಕೊಡಿ. ಹೀಗೆ. ಆಡಿಯೋಗ್ರಾಂ ಜೊತೆಗಿಟ್ಟೆ.

ಎಚ್‌ಆರ್‌ನವರು ಮೊದಲು ಕೇಳಿದ್ದು ‘ಸರ್ಟಿಫಿಕೇಟ್ ಇದೆಯಾ?’ ಅಂತ. ಆಗ ಇರಲಿಲ್ಲ. ಅದಿಲ್ಲದೆ ಏನೂ ಆಗುವುದಿಲ್ಲ ಅಂದರು. ನನಗೆ ಸಿಟ್ಟು ಬಂತು. ಕುರ್ಚಿ ತಿರುಗಿಸಲು ಸರ್ಟಿಫಿಕೇಟ್ ಯಾಕೆ? ಆದರೂ ಮಾಡಿಸಿಕೊಂಡೆ, ಬೇರೆ ಕಡೆಯೂ ಬೇಕಾಗುತ್ತದೆ ಅಂತ.

ಅದರ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2021ರ ಜೂನ್ 1ರಿಂದ ಅಂಗವೈಕಲ್ಯದ ಪ್ರಮಾಣಪತ್ರವನ್ನು ಸ್ವಾವಲಂಬನ್ ಪೋರ್ಟಲಿನ ಮೂಲಕವೇ ಕೊಡಬೇಕು ಅಂತ ಕೇಂದ್ರ ಸರಕಾರ ಮಾಡಿದೆ. ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ನಿಗದಿಯಾದ ಸರಕಾರಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆಮೇಲೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಬರುತ್ತದೆ. ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, ಅದಕ್ಕೂ ಮೇಲೆ ನೀಲಿ ಪಟ್ಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದಶ್ರವಣ, 70 ಆದರೆ ಕಿವುಡು. ಶೇಕಡಾವಾರು ಲೆಕ್ಕದಲ್ಲಿ ಚೆನ್ನಾಗಿರುವ ಕಿವಿಗೇ ಹೆಚ್ಚು ತೂಕ. ನನ್ನ ಒಳ್ಳೆಯ ಕಿವಿ 60ನ್ನು ದಾಟಿತ್ತು, ಹಳದಿ ಕಾರ್ಡ್ ಸಿಕ್ಕಿತು. ಆಸ್ಪತ್ರೆಯ ಸಾಲಿನಲ್ಲಿ ಹೆಸರು ಕೂಗಿ ಕರೆಯುತ್ತಿದ್ದರು. ಕಿವಿ ಪರೀಕ್ಷೆಗೆ ಬಂದವರನ್ನು ಹೆಸರು ಕೂಗಿ ಕರೆಯುವುದು! ಒಂದು ಟೋಕನ್ ಬೋರ್ಡ್ ಇಟ್ಟರೆ ಎಷ್ಟು ಜನರಿಗೆ ಅನುಕೂಲ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ನನ್ನ ಹೆಸರು ಬಂದಾಗ ಭುಜ ತಟ್ಟಿ ಹೇಳಿದರು.

ಕಾನೂನಿನ ಬಗ್ಗೆಯೂ ನೇರವಾಗಿ ಹೇಳಬೇಕು. ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದರೆ ಸರಕಾರಿ ಸಂಸ್ಥೆ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಅಂತ ಆ ಕಾಯ್ದೆಯ 20ನೇ ಕಲಮಿನಲ್ಲಿ ಸ್ಪಷ್ಟವಾಗಿದೆ. ರೀಸನಬಲ್ ಅಕಾಮಡೇಶನ್, ಅಂದರೆ ಕೆಲಸಕ್ಕೆ ತಕ್ಕ ಅನುಕೂಲ, ಕೊಡುವುದೂ ಅವರ ಹೊಣೆ. ನಮ್ಮಂಥ ಖಾಸಗಿ ಆಫೀಸುಗಳ ಮೇಲೆ ಅಷ್ಟು ಬಿಗಿ ಇಲ್ಲ. ಆದರೆ 21ನೇ ಕಲಮು ಎಲ್ಲರಿಗೂ ಅನ್ವಯ. ಸಮಾನ ಅವಕಾಶದ ನೀತಿಯೊಂದನ್ನು ಪ್ರತಿ ಸಂಸ್ಥೆಯೂ ಮಾಡಿ ಪ್ರಕಟಿಸಬೇಕು. 2017ರ ನಿಯಮಗಳ ಪ್ರಕಾರ 20 ಅಥವಾ ಅದಕ್ಕಿಂತ ಜಾಸ್ತಿ ಜನರಿರುವ ಖಾಸಗಿ ಸಂಸ್ಥೆ ಆ ನೀತಿಯಲ್ಲಿ ಏನೇನು ಸೌಲಭ್ಯ ಕೊಡುತ್ತೇವೆ ಅಂತ ಬರೆಯಬೇಕು, ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಲಯಾಸನ್ ಅಧಿಕಾರಿಯನ್ನೂ ಇಡಬೇಕು. ನಮ್ಮ ಆಫೀಸಿನಲ್ಲಿ ಅಂಥ ನೀತಿಯೇ ಇರಲಿಲ್ಲ. ನಾನು ಕೇಳಿದ್ದರಿಂದಲೇ ಅದು ಬರೆಯಲ್ಪಟ್ಟಿತು.

ಒಂದು ತೀರ್ಪಿನ ವಿಷಯವನ್ನೂ ಅವರ ಮುಂದಿಟ್ಟೆ. 2021ರಲ್ಲಿ ವಿಕಾಶ್ ಕುಮಾರ್ ಅನ್ನುವ ಅಭ್ಯರ್ಥಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಬ್ಬೊಬ್ಬರ ಅಗತ್ಯ ಒಂದೊಂದು ತರ, ಹಾಗಾಗಿ ಆ ವ್ಯಕ್ತಿಯ ಸ್ಥಿತಿ ನೋಡಿಯೇ ಅನುಕೂಲ ಏನು ಅಂತ ತೀರ್ಮಾನಿಸಬೇಕು ಅನ್ನುವ ಅರ್ಥದಲ್ಲಿ ಹೇಳಿತು. ಆ ಪ್ರಕರಣ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ಕೊಡುವುದರ ಬಗ್ಗೆ. ಆದರೆ ಮಾತು ನಮಗೂ ಹೊಂದುತ್ತದೆ. ನನ್ನ ಆಸೆಯೂ ಅದೇ ಆಗಿತ್ತು. ನನ್ನನ್ನು ಕೂರಿಸಿಕೊಂಡು ಕೇಳಿ ಅಂತ.

ಕೊನೆಗೆ ಕೇಳಿದರು. ಆಮೇಲಿನದು ಬೇಗ ಬೇಗ ಆಯಿತು ಅಂತ ಹೇಳಲಾರೆ. ಮೊದಲು ಅವರಿಗೆ ಹೊಳೆದದ್ದು ಕ್ಯಾಪ್ಷನ್. ಆನ್‌ಲೈನ್ ಮೀಟಿಂಗಿನ ಆ್ಯಪ್‌ಗಳಲ್ಲಿ ಈಗ ಮಾತು ಹಾಗೆಯೇ ಅಕ್ಷರವಾಗಿ ಕೆಳಗೆ ಬರುತ್ತದಲ್ಲ, ಅದು. ಒಂದು ರೂಪಾಯಿ ಖರ್ಚಿಲ್ಲ, ಬಟನ್ ಒತ್ತಿದರಾಯಿತು ಅಂತ ಖುಷಿಪಟ್ಟರು. ವಿದೇಶಿ ಕ್ಲೈಂಟ್‌ಗಳ ಜೊತೆಗಿನ ಮೀಟಿಂಗಿನಲ್ಲಿ ಅದು ನಿಜಕ್ಕೂ ವರ. ಎಲ್ಲರೂ ಇಂಗ್ಲಿಷ್, ಒಬ್ಬೊಬ್ಬರೇ ಹೆಡ್‌ಸೆಟ್ ಹಾಕಿ ಮಾತಾಡುತ್ತಾರೆ. ಅಕ್ಷರ ಚೆನ್ನಾಗಿ ಬರುತ್ತದೆ. ಎಷ್ಟೋ ಕಾಲದ ಮೇಲೆ ಒಂದು ಮೀಟಿಂಗಿನಲ್ಲಿ ನಡುವೆ ಬಾಯಿ ಹಾಕಿ ಪ್ರಶ್ನೆ ಕೇಳಿದೆ.

ನಮ್ಮ ಬೆಳಗಿನ ಮೀಟಿಂಗಿನಲ್ಲಿ ಅದು ನೆಲಕಚ್ಚಿತು. ಮುಂಬಯಿ ಆಫೀಸಿನ ಮಾತು ಹೇಗಿರುತ್ತೆ ಅಂತ ನಿಮಗೆ ಗೊತ್ತು ಅಲ್ವಾ? ‘ತೋ ಕಂಟೇನರ್ ಗೇಟ್ ಔಟ್ ಝಾಲಾ ಕಾ? ನಹೀ ತೋ ಡಿಟೆನ್ಷನ್ ಲಗೇಗಾ.’ ಅಂದರೆ ಆ ಕಂಟೇನರ್ ಗೇಟು ದಾಟಿ ಹೊರಗೆ ಹೋಯಿತಾ, ಇಲ್ಲದಿದ್ದರೆ ತಡವಾದದ್ದಕ್ಕೆ ಹಣ ಕಟ್ಟಬೇಕಾಗುತ್ತೆ ಅಂತ. ಒಂದೇ ಉಸಿರಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್. ಕ್ಯಾಪ್ಷನ್ನಿಗೆ ಯಾವ ಭಾಷೆ ಅಂತ ಮೊದಲೇ ಹೇಳಬೇಕು. ಇಂಗ್ಲಿಷ್ ಇಟ್ಟರೆ ‘ಗೇಟ್ ಔಟ್’ ಒಂದು ಸರಿಯಾಗಿ ಬರುತ್ತದೆ, ಅದರ ಸುತ್ತ ಅರ್ಥವಿಲ್ಲದ ಇಂಗ್ಲಿಷ್ ಪದಗಳು. ಹಿಂದಿ ಇಟ್ಟರೆ ಮರಾಠಿ ಹಾಳಾಗುತ್ತದೆ. ಮೇಲಾಗಿ ಎಲ್ಲರೂ ಒಂದೇ ರೂಮಿನಲ್ಲಿ, ಒಂದೇ ಲ್ಯಾಪ್‌ಟಾಪಿನ ಮೈಕಿಗೆ ಮಾತಾಡಿದರೆ ಅದಕ್ಕೂ ನನ್ನ ಹಾಗೆಯೇ ಕೇಳುವುದಿಲ್ಲ.

ಫೋನಿನ ಲೈವ್ ಟ್ರಾನ್ಸ್‌ಕ್ರೈಬ್ ಇದಕ್ಕಿಂತ ಸ್ವಲ್ಪ ವಾಸಿ. ಗೂಗಲ್ 2019ರಲ್ಲಿ ತಂದ ಆ್ಯಪ್ ಇದು. ಕಿವುಡರ ವಿಶ್ವವಿದ್ಯಾಲಯ ಅಂತ ಹೆಸರಾದ ಅಮೆರಿಕದ ಗ್ಯಾಲಡೆಟ್ ಜೊತೆ ಸೇರಿ ಮಾಡಿದ್ದು. ಕನ್ನಡ, ಮರಾಠಿ ಎರಡೂ ಇವೆ. ಎರಡು ಭಾಷೆ ಇಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ತಟ್ಟನೆ ಬದಲಾಯಿಸಬಹುದು. ಎದುರಿಗಿರುವವರ ಹತ್ತಿರ ಫೋನ್ ಇಟ್ಟರೆ ಮಾತ್ರ ಚೆನ್ನಾಗಿ ಬರೆಯುತ್ತದೆ. ಪಿಯೂನ್ ಮಾಮಾ ಜೊತೆ, ಅಕೌಂಟ್ಸಿನವರ ಜೊತೆ ಒಬ್ಬೊಬ್ಬರಾಗಿ ಮಾತಾಡಲು ಈಗಲೂ ಅದನ್ನೇ ಬಳಸುತ್ತೇನೆ. ಸಾಹೇಬರಿಗೆ ಒಂದು ಆತಂಕ ಇತ್ತು. ಕ್ಲೈಂಟಿನ ರೇಟು, ಮೊತ್ತ ಎಲ್ಲ ನಿನ್ನ ಫೋನಿನಲ್ಲಿ ಬರವಣಿಗೆಯಾಗಿ ಉಳಿಯುತ್ತದಲ್ಲ ಅಂತ. ಅವರ ಆತಂಕ ಸರಿಯಾದದ್ದೇ. ಸೆಟ್ಟಿಂಗಿನಲ್ಲಿ ಉಳಿಸಿಕೊಳ್ಳುವುದನ್ನು ಬಂದ್ ಮಾಡಿ ತೋರಿಸಿದೆ. ರೇಟಿನ ಮಾತು ಬಂದಾಗ ಆ್ಯಪ್ ಬೇಡ, ಕಾಗದದ ಮೇಲೆ ಬರೆದು ತೋರಿಸೋಣ ಅಂತ ಒಪ್ಪಿಕೊಂಡೆವು.

ನಿಜವಾಗಿ ಬದಲಾವಣೆ ತಂದದ್ದು ಮೀಟಿಂಗ್ ನಡೆಸುವ ರೀತಿ. ಇದೇ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ. ಯಂತ್ರ, ಆ್ಯಪ್ ಎಲ್ಲ ಇರಲಿ, ಬೇಕು. ಆದರೆ ಜನ ಮಾತಾಡುವ ಕ್ರಮ ಬದಲಾಗದೆ ಇದ್ದರೆ ಅವು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ನಮ್ಮಲ್ಲಿ ಹಿಂದಿನ ದಿನ ಸಂಜೆಯೇ ಮರುದಿನದ ಕಂಟೇನರುಗಳ ಪಟ್ಟಿ ಎಲ್ಲರಿಗೂ ಬರುವಂತೆ ಮಾಡಿದೆವು. ಪಟ್ಟಿ ಕೈಯಲ್ಲಿದ್ದರೆ ಯಾವುದರ ಬಗ್ಗೆ ಮಾತು ನಡೆಯುತ್ತಿದೆ ಅಂತ ನನಗೆ ಗೊತ್ತಿರುತ್ತದೆ. ಗೊತ್ತಿದ್ದರೆ ಅರ್ಧ ಕೇಳಿದರೂ ಪೂರ್ತಿ ತಿಳಿಯುತ್ತದೆ. ಹೊಸ ಅಂಕಿ ಏನೇ ಇದ್ದರೂ ಬಾಯಲ್ಲಿ ಹೇಳುವವರೇ ಬೋರ್ಡಿನ ಮೇಲೆ ಬರೆಯಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಮಾತು ಶುರುಮಾಡುವವರು ಕೈ ಎತ್ತಬೇಕು, ಆಗ ನನಗೆ ಯಾರ ಕಡೆ ನೋಡಬೇಕು ಅಂತ ತಿಳಿಯುತ್ತದೆ. ಕೈಯಿಂದ ಬಾಯಿ ಮುಚ್ಚಿಕೊಂಡು ಮಾತಾಡಬಾರದು. ತೀರ್ಮಾನವಾದದ್ದನ್ನು ಕುಂದಾಪುರದ ಹುಡುಗ ಅವತ್ತೇ ಗ್ರೂಪಿನಲ್ಲಿ ಹಾಕುತ್ತಾನೆ.

ನಾನು ಕೂರುವುದು ಕಿಟಕಿಗೆ ಬೆನ್ನು ಮಾಡಿ. ಹೊರಗಿನ ಬೆಳಕು ಎದುರಿನವರ ಮುಖದ ಮೇಲೆ ಬೀಳುತ್ತದೆ, ತುಟಿ ಕಾಣುತ್ತದೆ. ಮೊದಲು ಉಲ್ಟಾ ಇತ್ತು. ಎಲ್ಲರ ಮುಖವೂ ಕಪ್ಪು ನೆರಳಾಗಿ ಕಾಣುತ್ತಿತ್ತು. ಕುರ್ಚಿ ಬದಲಿಸಲು ಏನು ಖರ್ಚು? ಆದರೂ ಯಾರಿಗೂ ಹೊಳೆದಿರಲಿಲ್ಲ.

ಇವೆಲ್ಲ ಮೊದಲ ವಾರ ಚೆನ್ನಾಗಿ ನಡೆಯಿತು. ಆಮೇಲೆ ಜಾರಿತು. ಮಳೆ ಬಂದು ಬಂದರಿನಲ್ಲಿ ಕೆಲಸ ನಿಂತ ದಿನ ಎಲ್ಲರೂ ಒಟ್ಟಿಗೆ ಕೂಗಾಡಿದರು, ಯಾರಿಗೂ ಕೈ ಎತ್ತುವ ವ್ಯವಧಾನ ಇರಲಿಲ್ಲ. ಅಂಥ ಹೊತ್ತಿನಲ್ಲೇ ಅಲ್ವಾ ಸರಿಯಾಗಿ ಕೇಳಬೇಕಾದದ್ದು? ನಾನು ಎದ್ದು ಬೋರ್ಡಿನ ಹತ್ತಿರ ನಿಂತು ಮಾರ್ಕರ್ ಹಿಡಿದುಕೊಂಡೆ. ‘ಇಲ್ಲಿ ಬರೆಯದ ನಂಬರನ್ನು ನಾನು ಫೈಲ್ ಮಾಡುವುದಿಲ್ಲ’ ಅಂದೆ. ಕೋಪದಿಂದ ಹೇಳಲಿಲ್ಲ, ಗಟ್ಟಿಯಾಗಿ ಹೇಳಿದೆ. ಸಾಹೇಬರು ಒಂದು ನಿಮಿಷ ನನ್ನನ್ನೇ ನೋಡಿದರು. ಆಮೇಲೆ ತಾವೇ ಎದ್ದು ಬಂದು ಮೊದಲ ನಂಬರ್ ಬರೆದರು. ದೊಡ್ಡವರು ಒಮ್ಮೆ ಮಾಡಿದರೆ ಉಳಿದವರಿಗೆ ಅದು ರೂಢಿಯಾಗುತ್ತದೆ. ಅವತ್ತಿನಿಂದ ಬೋರ್ಡು ತಪ್ಪಿಲ್ಲ. ಬೋರ್ಡು ಬಂದ ಮೇಲೆ ಮೀಟಿಂಗ್ ಬೇಗ ಮುಗಿಯುತ್ತದೆ, ಕೇಳಿದ್ದನ್ನೇ ಮತ್ತೆ ಕೇಳೋದು ಇಲ್ಲ ಅಂತ ಈಗ ಚೆನ್ನಾಗಿ ಕೇಳುವವರೇ ಹೇಳುತ್ತಾರೆ.

ವಾಯ್ಸ್ ನೋಟ್ ಇನ್ನೊಂದು ಪೀಡೆ. ಬಂದರಿನಲ್ಲಿ ಓಡಾಡುವ ನಮ್ಮ ಹುಡುಗರು ಬಿಸಿಲಲ್ಲಿ ನಿಂತು ಟೈಪ್ ಮಾಡಲು ಬೇಸರವಾಗಿ ವಾಟ್ಸ್ಆ್ಯಪ್ಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಹಿಂದೆ ಟ್ರೇಲರುಗಳ ಹಾರ್ನು. ಟೈಪ್ ಮಾಡಿ ಅಂದರೆ ಅವರಿಗೆ ಕಷ್ಟ, ಅದು ನನಗೂ ಗೊತ್ತು. ಕೀಬೋರ್ಡಿನ ಮೇಲೇ ಒಂದು ಮೈಕಿನ ಗುರುತಿದೆ, ಅದನ್ನು ಒತ್ತಿ ಮರಾಠಿಯಲ್ಲಿ ಹೇಳಿದರೆ ತಾನೇ ಅಕ್ಷರವಾಗುತ್ತದೆ ಅಂತ ತೋರಿಸಿಕೊಟ್ಟೆ. ಅವರು ಮಾತಾಡುತ್ತಾರೆ, ನನಗೆ ಓದಲು ಸಿಗುತ್ತದೆ. ಕಳಿಸುವ ಮೊದಲು ನಂಬರ್ ಒಂದನ್ನು ಕಣ್ಣಾರೆ ನೋಡಿ ಕಳಿಸಿ ಅಂತ ಹೇಳಿದ್ದೇನೆ. ಕಂಟೇನರ್ ನಂಬರಿಗೆ ಬಾಗಿಲಿನ ಫೋಟೋವೇ ಒಳ್ಳೆಯದು, ಈಗ ಅದನ್ನೇ ಕಳಿಸುತ್ತಾರೆ.

ಆಮೇಲೆ ಆಫೀಸಿನವರು ರಿಮೋಟ್ ಮೈಕ್ ಕೊಡಿಸಿದರು. ಪೆನ್ನಿನಷ್ಟು ಉದ್ದದ್ದು, ಮೇಜಿನ ಮಧ್ಯೆ ಇಟ್ಟರೆ ಅಲ್ಲಿನ ಮಾತು ನೇರ ನನ್ನ ಶ್ರವಣ ಯಂತ್ರಕ್ಕೆ ಬರುತ್ತದೆ. ದೂರದ ಸಮಸ್ಯೆಗೆ ಇದೇ ಸರಿಯಾದ ಉತ್ತರ. ಬೆಲೆ ಜಾಸ್ತಿ, ಒಳ್ಳೆಯ ಸ್ಮಾರ್ಟ್‌ಫೋನಿನಷ್ಟು. ಕೊಳ್ಳುವ ಮೊದಲು ನಿಮ್ಮ ಯಂತ್ರಕ್ಕೆ ಅದು ಹೊಂದುತ್ತದಾ ಅಂತ ಆಡಿಯಾಲಜಿಸ್ಟರನ್ನು, ಅಂದರೆ ಶ್ರವಣ ತಜ್ಞರನ್ನು, ಕೇಳಲೇಬೇಕು, ಎಲ್ಲ ಕಂಪನಿಯದ್ದೂ ಎಲ್ಲದಕ್ಕೂ ಹೊಂದುವುದಿಲ್ಲ. ಬ್ರೇಕ್ ಸಮಯದಲ್ಲಿ ಮೈಕನ್ನು ಬಂದ್ ಮಾಡಿಯೇ ಏಳುತ್ತೇನೆ. ಬೇರೆಯವರ ಖಾಸಗಿ ಮಾತು ನನ್ನ ಕಿವಿಗೆ ಬೀಳಬಾರದು, ಅದು ಅವರಿಗೆ ನಾನು ಕೊಡಬೇಕಾದ ಮರ್ಯಾದೆ.

ಫೈರ್ ಡ್ರಿಲ್ ವಿಷಯ ಯಾರ ತಲೆಗೂ ಬಂದಿರಲಿಲ್ಲ, ನನ್ನ ಪಟ್ಟಿಯಲ್ಲೂ ಇರಲಿಲ್ಲ. ಹಳೆಯ ಫೈಲುಗಳ ಕೋಣೆಯಲ್ಲಿ ನಾನು ಯಂತ್ರ ತೆಗೆದಿಟ್ಟು ಕೆಲಸ ಮಾಡುತ್ತಿದ್ದೆ. ಹೊರಗೆ ಬಂದರೆ ಇಡೀ ಮಹಡಿ ಖಾಲಿ. ಕಂಪ್ಯೂಟರುಗಳು ಆನ್ ಆಗಿಯೇ ಇವೆ, ಒಬ್ಬರೂ ಇಲ್ಲ. ಕೆಳಗಿಳಿದು ಬಂದಾಗ ಎಲ್ಲರೂ ರಸ್ತೆಯಲ್ಲಿ ನಿಂತು ತಲೆ ಎಣಿಸುತ್ತಿದ್ದರು. ನಿಜವಾದ ಬೆಂಕಿಯಾಗಿದ್ದರೆ? ಎಲ್ಲರ ಮುಖವೂ ಇಳಿದುಹೋಗಿತ್ತು. 2021ರ ಹಾರ್ಮೊನೈಸ್ಡ್ ಗೈಡ್‌ಲೈನ್ಸ್ ಅಂತ ಕೇಂದ್ರ ಸರಕಾರದ ಮಾರ್ಗಸೂಚಿ ಇದೆ. ಕಟ್ಟಡಗಳಲ್ಲಿ ಗಂಟೆಯ ಜೊತೆಗೆ ಕಣ್ಣಿಗೆ ಕಾಣುವ ಎಚ್ಚರಿಕೆಯೂ ಇರಬೇಕು ಅಂತ ಅದು ಹೇಳುತ್ತದೆ. ಈಗ ಫೈಲಿನ ಕೋಣೆಯಲ್ಲಿ, ಹೆಂಗಸರ ಟಾಯ್ಲೆಟ್ಟಿನಲ್ಲಿ ಮಿಣುಕು ದೀಪ ಹಾಕಿದ್ದಾರೆ. ಇಬ್ಬರ ಹೆಸರು ಬರೆದಿಟ್ಟಿದ್ದಾರೆ, ಗಂಟೆ ಹೊಡೆದರೆ ನನ್ನನ್ನು ಹುಡುಕುವುದು ಅವರ ಕೆಲಸ. ಉಳಿದದ್ದೆಲ್ಲ ಕೆಲಸದ ಅನುಕೂಲ, ಇದು ಜೀವದ ಪ್ರಶ್ನೆ. ನೀವು ಪಟ್ಟಿ ಮಾಡುವುದಾದರೆ ಇದನ್ನೇ ಮೊದಲು ಬರೆಯಿರಿ.

ಡೇಟಾ ಎಂಟ್ರಿಗೆ ಹುಟ್ಟಿನಿಂದಲೇ ಕಿವಿ ಕೇಳದ ಒಬ್ಬ ಹುಡುಗ ಸೇರಿದಾಗ ಎಚ್‌ಆರ್‌ನವರು ನನಗೆ ಮಾಡಿದ್ದನ್ನೇ ಅವನಿಗೂ ಮಾಡಹೊರಟರು. ಕ್ಯಾಪ್ಷನ್, ಬೋರ್ಡು, ಮೈಕ್. ಅವನ ಭಾಷೆ ಭಾರತೀಯ ಸಂಜ್ಞಾ ಭಾಷೆ. ಅದಕ್ಕೆ ಅದರದ್ದೇ ವ್ಯಾಕರಣ ಇದೆ, ಕೈಯಲ್ಲಿ ಇಂಗ್ಲಿಷ್ ಬರೆದಂತಲ್ಲ ಅದು. ಓಡುವ ಇಂಗ್ಲಿಷ್ ಅಕ್ಷರ ಅವನಿಗೆ ಎರಡನೇ ಭಾಷೆಯ ಓದು. ಅವನಿಗೆ ಬೇಕಾದದ್ದು ಇಂಟರ್‌ಪ್ರಿಟರ್. ಸುಪ್ರೀಂ ಕೋರ್ಟಿನಲ್ಲೇ 2023ರಲ್ಲಿ ಕಿವಿ ಕೇಳದ ವಕೀಲೆ, ಬೆಂಗಳೂರಿನ ಸಾರಾ ಸನ್ನಿ, ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್ ಮೂಲಕ ವಾದ ಮಾಡಿದರು ಅಂತ ನಾನು ಹೇಳಿದೆ. ದಿನವೂ ಇಂಟರ್‌ಪ್ರಿಟರ್ ಇಡಲು ನಮ್ಮಂಥ ಸಣ್ಣ ಆಫೀಸಿಗೆ ಆಗುವುದಿಲ್ಲ, ಒಪ್ಪುತ್ತೇನೆ. ಟ್ರೇನಿಂಗಿಗೆ, ವರ್ಷದ ಅಪ್ರೈಸಲ್ಲಿಗೆ ವಿಡಿಯೋ ಕಾಲಿನಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳುವುದು ಅಂತಾಯಿತು. ಒಬ್ಬ ಮನುಷ್ಯನ ಸಂಬಳದ ಮಾತು ಚೀಟಿಯಲ್ಲಿ ಬರೆದು ಮುಗಿಸುವಂಥದ್ದಲ್ಲವಲ್ಲ. ನಾವು ಕೆಲವರು ಅವನಿಂದ ದಿನಬಳಕೆಯ ಸಂಜ್ಞೆಗಳನ್ನು ಕಲಿತೆವು. ನಾನು ಬೇಗ ಕಲಿತೆ, ಮುಂದೆ ನನಗೂ ಬೇಕಾಗಬಹುದು ಅಂತ.

ಇತ್ತೀಚೆಗೆ ಅಕೌಂಟ್ಸಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು. ‘ತಾಈ, ನಿಮ್ಮ ಮೈಕ್ ಎಲ್ಲಿ ಸಿಗುತ್ತೆ?’ ಅಂತ ಮರಾಠಿಯಲ್ಲಿ ಕೇಳಿದಳು. ಅವಳಿಗೆ ನಷ್ಟ 50 ಡೆಸಿಬಲ್ ಆಸುಪಾಸು. ಕಾಯ್ದೆಯ 60ರ ಗಡಿ ಮುಟ್ಟುವುದಿಲ್ಲ, ನನ್ನ ಹಾಗೆ ಹಳದಿ ಕಾರ್ಡ್ ಸಿಗುವುದಿಲ್ಲ. ಗಾಜಿನ ರೂಮಿನಲ್ಲಿ ಅವಳ ಕಷ್ಟ ನನ್ನ ಕಷ್ಟವೇ. ಇಬ್ಬರೂ ಸೇರಿ ಎಚ್‌ಆರ್ ಹತ್ತಿರ ಹೋದೆವು. ನಮ್ಮ ನೀತಿಯಲ್ಲಿ ‘ಅಂಗವೈಕಲ್ಯ ಪ್ರಮಾಣಪತ್ರ ಇರುವವರಿಗೆ’ ಅಂತ ಇದ್ದ ಸಾಲನ್ನು ‘ಪ್ರಮಾಣಪತ್ರ ಅಥವಾ ಆಡಿಯಾಲಜಿಸ್ಟರ ವರದಿ ಇರುವವರಿಗೆ’ ಅಂತ ಬದಲಾಯಿಸಿ ಅಂದೆವು. ಸಾಹೇಬರು ಈ ಸಲ ಹೆಚ್ಚು ಯೋಚಿಸಲಿಲ್ಲ. ಸಾಲು ಬದಲಾಗಿದೆ, ಅವಳೂ ಮೀಟಿಂಗಿನಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂರುತ್ತಾಳೆ, ಎರಡನೇ ಮೈಕಿಗೆ ಕೊಟೇಶನ್ ತರಿಸಿದ್ದಾರೆ.